ದೀಕ್ಷಾಸ್ನಾನ ಆಗಿದೆ, ಕೋಪ ಹೋಗಿಲ್ಲ: ಸೌಲ ಪೌಲನಾದಂತೆ ನಾನೇಕೆ ಆಗಲಿಲ್ಲ?

ಪ್ರಶ್ನೆ: ದೀಕ್ಷಾಸ್ನಾನ ತೆಗೆದುಕೊಂಡು ಆರು ವರ್ಷವಾಯಿತು. ದಿನಾ ಪ್ರಾರ್ಥನೆ ಮಾಡುತ್ತೇನೆ. ಆದರೂ ಮನೆಯಲ್ಲಿ ಕೂಗಾಡುವುದು ನಿಂತಿಲ್ಲ. ಸೌಲ ಒಂದೇ ಕ್ಷಣದಲ್ಲಿ ಪೌಲನಾದ. ನನ್ನ ನಂಬಿಕೆಯಲ್ಲೇ ಕೊರತೆಯಿದೆಯೇ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲ ಯೇಸುವಿನ ದರ್ಶನವಾದೊಡನೆ ಅಪೊಸ್ತಲ ಪೌಲನಾಗಿಬಿಟ್ಟ ಎಂಬ ಆ ಸಾಲೂ ತಪ್ಪದೆ ಇರುತ್ತದೆ. ಕೋಪದ ಮಾತು ಆಮೇಲೆ. ಮೊದಲು ಆ ಸಾಲನ್ನು ಇತ್ಯರ್ಥ ಮಾಡೋಣ, ಎಷ್ಟೋ ಒಳ್ಳೆಯ ವಿಶ್ವಾಸಿಗಳು ಅದನ್ನು ನಂಬಿಯೇ ಸೋತು ಕೂತಿದ್ದಾರೆ.

ದಯವಿಟ್ಟು ಬೈಬಲ್ ತೆರೆದು ಬೆರಳಿಟ್ಟು ಓದಿ. ದಮಸ್ಕದ ದಾರಿಯಲ್ಲಿ ಕೇಳಿದ ವಾಣಿ "ಸೌಲನೇ, ಸೌಲನೇ" ಎಂದೇ ಕರೆಯಿತು. ಹೊಸ ಹೆಸರು ಕೊಡಲಿಲ್ಲ. ಮೂರು ದಿನ ಕಣ್ಣು ಕಾಣದೆ, ಅನ್ನನೀರು ಮುಟ್ಟದೆ ಇದ್ದವನ ಮೇಲೆ ಕೈಯಿಟ್ಟ ದಮಸ್ಕದ ಶಿಷ್ಯ ಅನನೀಯನೂ ಸೌಲನೆಂದೇ ಕರೆದ. ಅಪೊಸ್ತಲರ ಕೃತ್ಯಗಳು 13:2ರಲ್ಲಿ ಪವಿತ್ರಾತ್ಮನು ಜೊತೆಗಾರ ಬಾರ್ನಬನೊಂದಿಗೆ ಸೇವೆಗೆ ಕರೆದದ್ದೂ ಸೌಲನನ್ನೇ. 9ನೇ ವಚನಕ್ಕೆ ಬಂದಾಗ ಮಾತ್ರ "ಪೌಲನೆನಿಸಿಕೊಳ್ಳುವ ಸೌಲ" ಎಂದಿದೆ. ಸೌಲ ಯೆಹೂದ್ಯ ಹೆಸರು, ಪೌಲ ರೋಮನ್ ಹೆಸರು. ಹುಟ್ಟಿನಿಂದ ರೋಮಿನ ಪ್ರಜೆಯಾದವನಿಗೆ ಎರಡೂ ಇದ್ದವು. ಮನೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರಿರುವ ನಮಗೆ ಇದೇನು ಹೊಸದಲ್ಲ.

ಇನ್ನು "ಒಂದೇ ಕ್ಷಣ". ಅವನ ದಾರಿ ತಿರುಗಿದ್ದು ಒಂದೇ ದಿನದಲ್ಲಿ, ನಿಜ. ಮುಂದಿನ ಲೆಕ್ಕವನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನೇ ಕೊಟ್ಟಿದ್ದಾನೆ: ಅರಬಸ್ಥಾನ, ಮತ್ತೆ ದಮಸ್ಕ, 3 ವರ್ಷದ ಮೇಲೆ ಯೆರೂಸಲೇಮಿನಲ್ಲಿ ಕೇಫನ (ಅಪೊಸ್ತಲ ಪೇತ್ರನ) ಬಳಿ 15 ದಿನ, ಇನ್ನೊಮ್ಮೆ ಅಲ್ಲಿಗೆ ಹೋಗುವಷ್ಟರಲ್ಲಿ 14 ವರ್ಷ. ಇಷ್ಟಾದ ಮೇಲೂ, ಹಿಂದೊಮ್ಮೆ ಪ್ರಯಾಣದ ನಡುವೆ ಬಿಟ್ಟುಹೋಗಿದ್ದ ಮಾರ್ಕನನ್ನು ಕರೆದೊಯ್ಯಬೇಕೋ ಬೇಡವೋ ಎಂದು ಬಾರ್ನಬನೊಂದಿಗೆ ಎಷ್ಟು ಜೋರಾದ ಜಗಳವೆಂದರೆ, ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಬೇಕಾದವನು ಎಂಬ ಪೌಲನ ಮಾತು 2 ತಿಮೊಥೆ 4:11ರಲ್ಲಿದೆ. ಜಗಳದಿಂದ ಈ ವಚನದವರೆಗಿನ ದೂರವನ್ನೇ ನಾನು ಆತ್ಮಿಕ ಬೆಳವಣಿಗೆ ಎನ್ನುತ್ತೇನೆ.

ಈಗ ನಿಮ್ಮ ಕೋಪ. 1548ರಲ್ಲಿ ಅಚ್ಚಾದ, ಯೇಸುಸಭೆಯ (ಜೆಸ್ವಿಟರ) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲರ ಸಾಧನಾ ಕೈಪಿಡಿಯಲ್ಲಿ ಒಂದು ಕ್ರಮವಿದೆ. ಯಾವ ಸಭೆಯವರೂ ಮಾಡಬಹುದು. ಒಂದೇ ಒಂದು ದೋಷ ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದೊಡನೆ ಅದನ್ನು ನೆನೆದು ಎಚ್ಚರ ತಂದುಕೊಳ್ಳಿ. ಹಗಲಲ್ಲಿ ಜಾರಿದಾಗಲೆಲ್ಲ ಎದೆಯ ಮೇಲೆ ಕೈಯಿಡಿ, ಪಕ್ಕದವರಿಗೆ ತಿಳಿಯುವುದಿಲ್ಲ. ಮಧ್ಯಾಹ್ನದ ಊಟವಾದ ಮೇಲೊಮ್ಮೆ, ರಾತ್ರಿ ಊಟವಾದ ಮೇಲೊಮ್ಮೆ ಗಂಟೆಗಂಟೆಯನ್ನೂ ನೆನೆಯುತ್ತಾ, ಜಾರಿದ್ದಕ್ಕೆಲ್ಲ ಒಂದೊಂದು ಚುಕ್ಕೆ ಹಾಕಿ. ದಿನಕ್ಕೆ ಎರಡು ಗೆರೆ, ವಾರಕ್ಕೆ 14. ರಾತ್ರಿಯ ಗೆರೆಯನ್ನು ಮಧ್ಯಾಹ್ನದ್ದರೊಂದಿಗೆ, ಇವತ್ತನ್ನು ನಿನ್ನೆಯೊಂದಿಗೆ, ಈ ವಾರವನ್ನು ಹೋದ ವಾರದೊಂದಿಗೆ ಹೋಲಿಸಿ.

ಕೆಡುವುದು ಎಲ್ಲಿ ಗೊತ್ತೇ? "ಕೋಪ ಬಿಡುತ್ತೇನೆ" ಎಂದು ಬರೆದುಕೊಳ್ಳುವಲ್ಲಿ. ಅದು ಎಣಿಕೆಗೆ ಸಿಗುವುದಿಲ್ಲ. "ಮಗಳ ಹೋಮ್‌ವರ್ಕ್ ಹೊತ್ತಿನಲ್ಲಿ ಕೂಗುವುದಿಲ್ಲ" ಎಂದು ಬರೆಯಿರಿ. ಮೊದಲ ವಾರ ಚುಕ್ಕೆ ತುಂಬಿದರೆ ಹೆದರಬೇಡಿ. ಇದುವರೆಗೆ ಎಣಿಸಿರಲಿಲ್ಲ, ಅಷ್ಟೇ. ಇನ್ನೊಂದು: ದೇವರ ಮುಂದೆ ಅತ್ತು, ಮಗಳ ಹತ್ತಿರ ತಪ್ಪಾಯಿತು ಎನ್ನದೆ ಮಲಗಬೇಡಿ.

ನೀವು ಕೇಳಲಿಲ್ಲ, ಆದರೂ ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ದೀಕ್ಷಾಸ್ನಾನಕ್ಕೆ ಹೆಸರು ಬದಲಿಸಲೇಬೇಕೆಂಬ ನಿಯಮವಿಲ್ಲ. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯೂ (ಕಲಮು 855) ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎನ್ನುತ್ತದೆ, ಅಷ್ಟೇ. ಸಂತರ ಹೆಸರೇ ಬೇಕೆನ್ನುವುದಿಲ್ಲ. ಶಾಂತಿ, ಕರುಣಾಕರ ಹಾಗೆಯೇ ಇರಬಹುದು. ಫಿಲಿಪ್ಪಿಯಿಂದ ಪೌಲನಿಗೆ ಕಾಣಿಕೆ ಹೊತ್ತು ತಂದ ಎಪಫ್ರೊದೀತನ ಹೆಸರಿನೊಳಗೆ ಗ್ರೀಕರ ದೇವತೆ ಅಫ್ರೊದಿತೆ ಇದ್ದಾಳೆ. ಪೌಲ ಅದೇ ಹೆಸರು ಬರೆದು, ಪಕ್ಕದಲ್ಲಿ "ನನ್ನ ಸಹೋದರ" ಎಂದು ಸೇರಿಸಿದ.