ದಿಗಿಣ ತುಂಡಾಗದ ಹಾಗೆ: ಚಾವಡಿಯ ಟಿವಿಗೊಂದು ಕಂಪ್ಯೂಟರ್ ಕಟ್ಟುವಾಗ

ಅಂಗಡಿಗೆ ಬಂದವರು ಮೊದಲು ಕೇಳುದೇ ಪ್ರೊಸೆಸರ್ ಬಗ್ಗೆ. "ಹೋಮ್ ಥಿಯೇಟರಿಗೆ ಒಂದು ಕಂಪ್ಯೂಟರ್ ಆಗ್ಬೇಕಿತ್ತು, ಐ7 ಹಾಕಿದ್ರೆ ಸಾಕಾ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿದ್ದು ಬೇಕು?" ಅಂತ. ನಾನು ತಿರುಗಿ ಮೂರು ಕೇಳ್ತೇನೆ. ಟಿವಿ ಯಾವುದು, ಅದರಲ್ಲಿ ಎಂತ ನೋಡ್ಲಿಕ್ಕೆ, ಮತ್ತೆ ಮನೆಯ ಅರ್ತಿಂಗ್ ಸರಿ ಉಂಟಾ. ಮೂರನೇದು ಕೇಳಿದ ಕೂಡ್ಲೆ ಮುಖ ನೋಡ್ತಾರೆ, ಕಂಪ್ಯೂಟರಿನವನಿಗೆ ಅರ್ತಿಂಗ್ ಸುದ್ದಿ ಯಾಕೆ ಅಂತ. ಆದ್ರೆ ಮಂಗ್ಳೂರಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿ ನಂಗೆ ಗಟ್ಟಿ ಆದ ಮಾತು ಇದೇ. ಇಲ್ಲಿ ಟಿವಿ ಹತ್ರ ಇಡುವ ಕಂಪ್ಯೂಟರ್ ಪ್ರೊಸೆಸರ್ ಸಾಲದೆ ಹಾಳಾಗುದಿಲ್ಲ, ಸಿಡಿಲಿಗೆ ಹೋಗ್ತದೆ, ಪಸೆಗೆ ಹೋಗ್ತದೆ, ಇಲ್ಲದಿದ್ರೆ ಮನೆಯವರಿಗೆ ರಿಮೋಟ್ ಅರ್ಥ ಆಗದೆ ಮೂಲೆ ಸೇರ್ತದೆ.

ಬಿಜೈ ಕಡೆಯ ಒಬ್ಬರು ರಿಟೈರ್ಡ್ ಮಾಷ್ಟ್ರು ಬಂದಿದ್ರು, ಮಳೆಗಾಲಕ್ಕೆ ಸ್ವಲ್ಪ ಮೊದಲು. ಅವರ ಹತ್ರ ಒಂದು ಹಾರ್ಡ್ ಡಿಸ್ಕ್ ತುಂಬ ಯಕ್ಷಗಾನ ಬಯಲಾಟ, ಹಳೇ ಮಿನಿ ಡಿವಿ ಕ್ಯಾಮೆರದಲ್ಲಿ ರಾತ್ರಿ ಇಡೀ ಕೂತು ಅವರೇ ತೆಗೆದದ್ದು. ಹೊಸ 55 ಇಂಚಿನ 4ಕೆ ಟಿವಿ ತಂದು ಪೆನ್ ಡ್ರೈವಲ್ಲಿ ಹಾಕಿ ನೋಡಿದ್ರೆ ಚಂದ ಕಾಣುದಿಲ್ಲ. "ಅಲ್ಲ ಮಾರಾಯ, ಇಷ್ಟು ದೊಡ್ಡ ಟಿವಿ ತಂದೆ, ವೇಷ ಗಿರಗಿರ ಹಾರಿ ದಿಗಿಣ ಹೊಡೆಯುವಾಗ ಕೈ ಎಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣ್ತದಲ್ಲ, ಇದೆಂತ ಅವಸ್ಥೆ?" ಅಂದ್ರು. "ಮಾಷ್ಟ್ರೆ, ಟಿವಿ ಹಾಳಲ್ಲ, ನಿಮ್ಮ ರೆಕಾರ್ಡಿಂಗೂ ಹಾಳಲ್ಲ, ಇವೆರಡಕ್ಕೆ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿತಾ ಇಲ್ಲ" ಅಂತ ಹೇಳಿ ಕೂರಿಸಿದೆ.

ಸಂಗತಿ ಎಂತ ಅಂದ್ರೆ, ನಮ್ಮ ದೇಶದ ಹಳೇ ವಿಡಿಯೊ ಎಲ್ಲ ಪಾಲ್ ಪದ್ಧತಿದ್ದು. 576 ಗೆರೆ, ಸೆಕೆಂಡಿಗೆ 25 ಚಿತ್ರ, ಆದ್ರೆ ಒಂದೊಂದು ಚಿತ್ರವೂ ಎರಡು ಅರ್ಧ, ಒಂದರಲ್ಲಿ ಬೆಸ ಗೆರೆ ಇನ್ನೊಂದರಲ್ಲಿ ಸಮ ಗೆರೆ. ಆ ಎರಡು ಅರ್ಧದ ನಡುವೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು ಕಳೆದಿರ್ತದೆ. ಸುಮ್ಮನೆ ನಿಂತ ಭಾಗವತರಿಗೆ ಅದರಿಂದ ಎಂತದೂ ಆಗುದಿಲ್ಲ, ತಿರುಗುವ ವೇಷಕ್ಕೆ ಅಷ್ಟರಲ್ಲಿ ಕೈ ಒಂದು ಗೇಣು ಮುಂದೆ ಹೋಗಿರ್ತದೆ, ಎರಡನ್ನೂ ಒಟ್ಟಿಗೆ ಹೊಲಿದ್ರೆ ಬಾಚಣಿಗೆ ಹಲ್ಲು ಬಾರದೆ ಮತ್ತೆಂತ ಬರ್ಲಿಕ್ಕೆ. ಕೆಲವು ಪ್ಲೇಯರ್‌ಗಳು ಒಂದು ಅರ್ಧವನ್ನೇ ಬಿಸಾಡಿ ಬಿಡ್ತವೆ, ಆಗ ಹಲ್ಲು ಹೋಗ್ತದೆ ಆದ್ರೆ ದಿಗಿಣ ತುಂಡು ತುಂಡಾಗಿ ಕಾಣ್ತದೆ. ಸರಿಯಾದ ಕ್ರಮ ಅಂದ್ರೆ ಅರ್ಧ ಅರ್ಧವನ್ನೂ ಪೂರ್ತಿ ಚಿತ್ರ ಮಾಡಿ ಸೆಕೆಂಡಿಗೆ 50 ತೋರಿಸುದು, ಮತ್ತೆ ಟಿವಿಯನ್ನೂ 50 ಹರ್ಟ್ಸಿಗೆ, ಅಂದ್ರೆ ಸೆಕೆಂಡಿಗೆ 50 ಸಲ ಚಿತ್ರ ಬದಲಿಸುವ ಲೆಕ್ಕಕ್ಕೆ ತರುದು. 60 ಹರ್ಟ್ಸಲ್ಲೇ ಬಿಟ್ರೆ ಐದು ಚಿತ್ರಕ್ಕೊಮ್ಮೆ ಒಂದು ಎರಡು ಸಲ ಬರ್ತದೆ, ಅಲ್ಲಿ ಕಣ್ಣಿಗೆ ಸಣ್ಣ ತಡೆ ಸಿಕ್ತದೆ. ಸಿನೆಮಾದ್ದು ಬೇರೆ ಲೆಕ್ಕ, ಅದು ಸೆಕೆಂಡಿಗೆ 24, ಅದಕ್ಕೆ ಟಿವಿ 24 ಹರ್ಟ್ಸಿಗೆ ಬರ್ಬೇಕು.

ಈ ಕೆಲಸಕ್ಕೆ ಐ7 ಬೇಡ ಮಾರಾಯ್ರೆ. ಇಂಟೆಲಿನ ಎನ್100 ಅಂತ ಒಂದು ಸಣ್ಣ ಚಿಪ್ ಉಂಟು, 2023ರಲ್ಲಿ ಬಂದದ್ದು, ನಾಲ್ಕು ಕೋರ್, 6 ವಾಟಿನ ಲೆಕ್ಕದ್ದು, ಅದರ ಒಳಗಿನ ಗ್ರಾಫಿಕ್ಸಿಗೇ ಇದೆಲ್ಲ ಆರಾಮ. ಮಾಷ್ಟ್ರಿಗೆ ಅದನ್ನೇ ಹಾಕಿದೆ, ಮೇಲೆ ಲಿಬ್ರೆಇಲೆಕ್ ಅನ್ನುವ ಸಣ್ಣ ಲಿನಕ್ಸ್, ಅದರಲ್ಲಿ ವಿಡಿಯೊ ಓಡಿಸುವ ಕೋಡಿ. ಕೋಡಿಯ ಪ್ಲೇಯರ್ ಸೆಟ್ಟಿಂಗಿಗೆ ಹೋಗಿ ಡಿಸ್‌ಪ್ಲೇ ರಿಫ್ರೆಶ್ ರೇಟ್ ತಾನೇ ಬದಲಾಗುವ ಹಾಗೆ ಮಾಡಿದೆ. ಅಷ್ಟೆ.

ಪ್ರೊಸೆಸರಲ್ಲಿ ನೋಡ್ಬೇಕಾದ್ದು ಸ್ಪೀಡ್ ಅಲ್ಲ, ಡಿಕೋಡರ್. ವಿಡಿಯೊ ಬಿಚ್ಚುವ ಕೆಲಸಕ್ಕೇ ಚಿಪ್ಪಿನ ಒಳಗೆ ಬೇರೆ ಒಂದು ಮೂಲೆ ಇರ್ತದೆ, ಅದಕ್ಕೆ ಯಾವ ಫಾರ್ಮ್ಯಾಟ್ ಗೊತ್ತುಂಟು ಅನ್ನುದೇ ಮುಖ್ಯ. 4ಕೆ ಎಚ್‌ಡಿಆರ್ ಸಿನೆಮಾಗಳು ಎಚ್‌ಇವಿಸಿ 10 ಬಿಟ್ ಅನ್ನುವ ಫಾರ್ಮ್ಯಾಟಲ್ಲಿ ಇರ್ತವೆ, ಅದು ಇಂಟೆಲಿನ 7ನೇ ಜನರೇಷನ್ನಿಂದ ಈಚೆಗೆ ಸರಿಯಾಗಿ ಸಿಕ್ತದೆ. ಯೂಟ್ಯೂಬಲ್ಲಿ ಈಗ ಜಾಸ್ತಿ ಆಗ್ತಾ ಇರುದು ಎವಿ1, ಅದಕ್ಕೆ ಇಂಟೆಲಿನ 11ನೇದು ಅಥವಾ ಮೇಲಿಂದು ಬೇಕು. ಎಎಂಡಿಯಲ್ಲಿ ಸ್ವಲ್ಪ ಜಾಗ್ರತೆ, 5600ಜಿ ತುಂಬ ಜನ ತಗೊಳ್ತಾರೆ, ಒಳ್ಳೇ ಚಿಪ್ಪೇ, ಆದ್ರೆ ಅದರ ಗ್ರಾಫಿಕ್ಸಿಗೆ ಎವಿ1 ಗೊತ್ತಿಲ್ಲ, ಡೆಸ್ಕ್‌ಟಾಪಿನ 7000 ಸೀರೀಸಿಗೆ ಗೊತ್ತುಂಟು. ಮತ್ತೆ ಇಂಟೆಲಲ್ಲಿ ಹೆಸರಿನ ಕೊನೆಗೆ ಎಫ್ ಇದ್ದದ್ದು ಸ್ವಲ್ಪ ಕಡಿಮೆಗೆ ಸಿಕ್ತದೆ ಅಂತ ತಂದು ಬಿಡ್ಬೇಡಿ, ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಟಿವಿಗೆ ಕೊಡ್ಲಿಕ್ಕೆ ಮತ್ತೆ ಕಾರ್ಡಿಗೆ ದುಡ್ಡು ಹಾಕ್ಬೇಕು. ರಾಸ್‌ಬೆರ್ರಿ ಪೈ 5 ಅನ್ನುವ ಅಂಗೈಯಷ್ಟರ ಕಂಪ್ಯೂಟರ್ ಕೇಳುವವರಿದ್ದಾರೆ, ಎಚ್‌ಇವಿಸಿಗೆ ಅದು ಚಂದ ಉಂಟು, ಎವಿ1 ಬೇಕಾದವರಿಗೆ ಆಗ್ಲಿಕ್ಕಿಲ್ಲ.

ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಯಾವ ನಮೂನೆದ್ದು ಅಂತ ಬಾಕ್ಸಿನ ಮೇಲೆ ಓದಿಯೇ ತಗೊಳ್ಳಿ. ಚಿಪ್ ಎಷ್ಟು ಒಳ್ಳೇದಿದ್ರೂ ಬೋರ್ಡಲ್ಲಿ 1.4 ಕೊಟ್ಟಿದ್ರೆ 4ಕೆ ಬರುದು 30 ಹರ್ಟ್ಸಲ್ಲಿ ಮಾತ್ರ, ಮೌಸ್ ಎಳೆದ್ರೆ ಹಿಂದೆ ಹಿಂದೆ ಬರ್ತದೆ. 2.0 ಇದ್ರೆ ಸಿನೆಮಾಕ್ಕೆ ಧಾರಾಳ. 2.1 ಗೇಮ್ ಆಡುವವರಿಗೆ.

ನೆಟ್‌ಫ್ಲಿಕ್ಸ್, ಪ್ರೈಮ್ ಅಂತ ಓಟಿಟಿ ಮಾತ್ರ ನೋಡುವವರಿಗೆ ನಾನು ಈ ಕಂಪ್ಯೂಟರೇ ಬೇಡ ಅಂತೇನೆ. ಕಾಪಿ ತಡೆಯುವ ಬೀಗ ಕಂಪ್ಯೂಟರಲ್ಲಿ ಬಿಗಿ, ಲಿನಕ್ಸಲ್ಲಂತೂ 4ಕೆ ಆಸೆಯೇ ಬೇಡ, ಟಿವಿಯ ಒಳಗಿನ ಆ್ಯಪ್ಪೇ ಚಿತ್ರ ಚಂದ ಕೊಡ್ತದೆ. 4ಕೆ ಬ್ಲೂರೇ ಡಿಸ್ಕ್ ಹಾಕಿ ನೋಡುವ ಆಲೋಚನೆ ಇದ್ದವರೂ ಬೇರೆ ಪ್ಲೇಯರ್ ತಗೊಳ್ಳುದೇ ಒಳ್ಳೇದು, ಅದಕ್ಕೆ ಬೇಕಾದ ಎಸ್‌ಜಿಎಕ್ಸ್ ಅನ್ನುವ ವ್ಯವಸ್ಥೆಯನ್ನು ಇಂಟೆಲ್ ಡೆಸ್ಕ್‌ಟಾಪಲ್ಲಿ 11ನೇ ಜನರೇಷನ್ನಿಂದ ತೆಗೆದೇ ಬಿಟ್ಟಿದೆ. ಸ್ವಂತ ವಿಡಿಯೊ, ಮದುವೆ ಕ್ಯಾಸೆಟ್, ಆಟದ ರೆಕಾರ್ಡಿಂಗ್, ಫೋಟೊ, ಹಾಡು ಇದೆಲ್ಲ ಒಂದು ಜಾಗದಲ್ಲಿ ಬೇಕು ಅನ್ನುವವರಿಗೆ ಮಾತ್ರ ಕಟ್ಟುದರಲ್ಲಿ ಅರ್ಥ ಉಂಟು.

ಈಗ ಸಿಡಿಲು. ಏಪ್ರಿಲ್ ಮೇಯಲ್ಲಿ ಸಾಯಂಕಾಲ ಘಟ್ಟದ ಬದಿಯಿಂದ ಮೋಡ ಕಪ್ಪಾಗಿ ಬರ್ತದಲ್ಲ, ಆ ಎರಡು ತಿಂಗಳು ನನ್ನ ಟೇಬಲ್ ಮೇಲೆ ಸತ್ತ ಬೋರ್ಡುಗಳ ರಾಶಿ. ಜನ ಎಣಿಸುದು ಕರೆಂಟ್ ಲೈನಲ್ಲಿ ಬಂತು ಅಂತ, ಬಿಚ್ಚಿ ನೋಡಿದ್ರೆ ಬೋರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಗಟ್ಟಿಮುಟ್ಟು ಉಂಟು, ಎಚ್‌ಡಿಎಂಐ ಪೋರ್ಟಿನ ಹಿಂದಿನ ಸಣ್ಣ ಚಿಪ್ಪಿನ ಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳಿ, ಸುತ್ತ ಕಂದು ಬಣ್ಣ. ಅದು ಬಂದದ್ದು ಕೇಬಲ್ ಟಿವಿ ವಯರಲ್ಲಿ. ಕಂಬದಿಂದ ಕಂಬಕ್ಕೆ, ತೆಂಗಿನ ಮರದ ಮೇಲಿಂದ ಬಂದ ತಾಮ್ರದ ವಯರ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐಯಲ್ಲಿ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐಯಲ್ಲಿ ಕಂಪ್ಯೂಟರಿಗೆ. ನನ್ನ ಸ್ವಂತ ಮನೆಯಲ್ಲೇ ಒಂದು ಸಲ ಹೀಗೆ ಆಗಿ ಆಂಪ್ಲಿಫಯರೂ ಸೇರಿ ಮೂರು ಸಾಮಾನು ಒಟ್ಟಿಗೆ ಹೋಯ್ತು, ಪವರ್ ಪ್ಲಗ್ ಎಲ್ಲ ತೆಗೆದಿದ್ದೆ, ಕೇಬಲ್ ವಯರ್ ಒಂದು ತೆಗೆದಿರ್ಲಿಲ್ಲ. ಅದಕ್ಕೇ ಹೇಳುದು, ಮಳೆ ಬರುವ ಅಂದಾಜಾದ ಕೂಡ್ಲೆ, ಗುಡುಗು ಸುರು ಆಗುವ ಮೊದಲು, ಕೇಬಲ್ ವಯರನ್ನೂ ಬಿಚ್ಚಿ ಇಡಿ. ಇಂಟರ್ನೆಟ್ ಫೈಬರಲ್ಲಿ ಬರುದಾದ್ರೆ ಆ ಬದಿಯಿಂದ ಹೆದರಿಕೆ ಕಡಿಮೆ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುದಿಲ್ಲ. ಸೌಂಡಿಗೂ ಹಾಗೇ, ಆಂಪ್ಲಿಫಯರಿಗೆ ಆಪ್ಟಿಕಲ್ ಕೇಬಲ್ ಕೊಟ್ರೆ ಎರಡರ ನಡುವೆ ತಾಮ್ರದ ಸಂಬಂಧವೇ ಇರುದಿಲ್ಲ, ಸ್ಪೀಕರಲ್ಲಿ ಬರುವ ಗುಂಯ್ ಅನ್ನುವ ಶಬ್ದವೂ ನಿಲ್ತದೆ. ಅದರಲ್ಲಿ ಡಾಲ್ಬಿ ಡಿಜಿಟಲ್ 5.1ರವರೆಗೆ ಹೋಗ್ತದೆ, ಮೇಲಿಂದಲೂ ಶಬ್ದ ಬರುವ ಅಟ್ಮಾಸ್ ಬೇಕಾದವರು ಎಚ್‌ಡಿಎಂಐಯಲ್ಲೇ ಇರ್ಬೇಕಾಗ್ತದೆ.

ಸರ್ಜ್ ತಡೆಯುವ ಸ್ಪೈಕ್ ಗಾರ್ಡ್ ಹಾಕಿದ್ದೇನೆ ಅಂತ ಹೇಳುವವರಿಗೆ ಒಂದು ವಿಷಯ, ಅದರ ಒಳಗಿನ ಬಿಲ್ಲೆ ಬಂದ ಹೊಡೆತವನ್ನು ಅರ್ತಿಗೆ ಕಳಿಸ್ಬೇಕು, ಗೋಡೆಯ ಮೂರನೇ ತೂತಿನ ಹಿಂದೆ ವಯರೇ ಇಲ್ಲದಿದ್ರೆ ಕಳಿಸುದು ಎಲ್ಲಿಗೆ? ಹಳೇ ಹಂಚಿನ ಮನೆಗಳಲ್ಲಿ ಇದು ತುಂಬ ಉಂಟು. ಇಲೆಕ್ಟ್ರಿಶಿಯನ್ನನ್ನು ಕರೆದು ನ್ಯೂಟ್ರಲ್ ಮತ್ತೆ ಅರ್ತ್ ನಡುವೆ ಎಷ್ಟು ವೋಲ್ಟ್ ಉಂಟು ನೋಡಿಸಿ, ಒಂದೆರಡು ವೋಲ್ಟ್ ಆದ್ರೆ ಪರವಾಗಿಲ್ಲ, ಜಾಸ್ತಿ ಇದ್ರೆ ಮೊದಲು ಅದಕ್ಕೆ ದುಡ್ಡು ಹಾಕಿ, ಕಂಪ್ಯೂಟರಿಗೆ ಮತ್ತೆ ಹಾಕುವ.

ಪಸೆಯದ್ದು ನಿಧಾನದ ಕೆಲಸ. ಜೂನಿಂದ ಆಟಿ ತಿಂಗಳು ಮುಗಿಯುವವರೆಗೆ, ಅಂದ್ರೆ ಆಗಸ್ಟ್ ನಡುವಿನವರೆಗೆ, ಚಪ್ಪಲಿಗೆ ಬೂಷ್ಟು ಬರುವ ಊರಲ್ಲಿ ರ‍್ಯಾಮಿನ ಚಿನ್ನದ ಹಲ್ಲು ಹೇಗೆ ಹೊಳೆಯುತ್ತಾ ಇರ್ಬೇಕು ಹೇಳಿ. ಸುರತ್ಕಲ್, ಮಲ್ಪೆ, ಕಾಪು ಕಡೆ ಸಮುದ್ರ ಹತ್ರ ಇದ್ದವರದ್ದಂತೂ ಉಪ್ಪುಗಾಳಿಗೆ ಕ್ಯಾಬಿನೆಟಿನ ಸ್ಕ್ರೂ ತಲೆಯೇ ತುಕ್ಕು ಹಿಡಿದು ಸ್ಕ್ರೂಡ್ರೈವರ್ ನಿಲ್ಲುದಿಲ್ಲ. ಇದಕ್ಕೆ ನಾನು ಕಂಡ ಮದ್ದು, ಕಂಪ್ಯೂಟರನ್ನು ಬಂದ್ ಮಾಡದೆ ಇಡುದು. ಓಡ್ತಾ ಇರುವ ಬೋರ್ಡ್ ಸ್ವಲ್ಪ ಬೆಚ್ಚಗೆ ಇರ್ತದೆ, ಪಸೆ ಕೂರುದಿಲ್ಲ. ಎನ್100 ಪೆಟ್ಟಿಗೆ ಸುಮ್ಮನೆ ಇದ್ದಾಗ 8 ವಾಟ್ ತಿಂತದೆ ಅಂತ ಹಿಡಿರಿ, ತಿಂಗಳಿಗೆ 6 ಯೂನಿಟ್ ಆಗ್ಲಿಕ್ಕಿಲ್ಲ. ಐ7ಗೆ ಕಾರ್ಡ್ ಹಾಕಿದ ಪೆಟ್ಟಿಗೆಯನ್ನು ಹಾಗೆ ಇಡ್ಲಿಕ್ಕೆ ಮನಸ್ಸು ಬರ್ತದಾ? ಗುಡುಗಿನ ದಿನ ಮಾತ್ರ ತೆಗೆದಿಡಿ.

ಕ್ಯಾಬಿನೆಟ್ ತಗೊಳ್ಳುವಾಗ ಹಿಂದೆ ಮುಂದೆ ತೂತಿದ್ದಲ್ಲೆಲ್ಲ ಜಾಳಿಗೆ ಉಂಟಾ ನೋಡಿ, ಬೆಚ್ಚಗಿನ ಜಾಗ ಅಂತ ಹಲ್ಲಿ, ಇರುವೆ ಎರಡೂ ಒಳಗೆ ಮನೆ ಮಾಡ್ತವೆ, ಎಸ್‌ಎಂಪಿಎಸ್ ಒಳಗೆ ಹಲ್ಲಿ ಸುಟ್ಟು ಹೋದದ್ದು ಎಷ್ಟೋ ತೆಗೆದಿದ್ದೇನೆ. ಫ್ಯಾನ್ ಇಲ್ಲದ ಪೆಟ್ಟಿಗೆ ಚಂದ, ಆದ್ರೆ ಗಾಜಿನ ಬಾಗಿಲಿನ ಟಿವಿ ಯೂನಿಟ್ ಒಳಗೆ ಇಡುದಾದ್ರೆ ಹಿಂದಿನ ಪ್ಲೈವುಡ್ಡಿಗೆ ಒಂದು ದೊಡ್ಡ ತೂತು ಹೊಡೆಸ್ಲೇಬೇಕು. ಶಬ್ದ ಬರುದೇ ಇಲ್ಲ ಅನ್ನುವ ದುಬಾರಿ ಫ್ಯಾನ್ ಎಸಿ ರೂಮಿನವರಿಗೆ ಸರಿ. ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುವ ಚಾವಡಿಗೆ ಸಾಧಾರಣ 120 ಎಂಎಂ ಫ್ಯಾನ್ ನಿಧಾನಕ್ಕೆ ತಿರುಗಿದ್ರೆ ಸಾಕು.

ವಿಡಿಯೊ ಎಲ್ಲ ಇಡುವ ದೊಡ್ಡ ಹಾರ್ಡ್ ಡಿಸ್ಕ್ ಟಿವಿ ಹತ್ರ ಬೇಡ, ಒಳಗಿನ ಕೋಣೆಯಲ್ಲಿ ಇಟ್ಟು ಲ್ಯಾನ್ ವಯರ್ ಎಳಿರಿ. ಟಿವಿ ಹತ್ರದ ಪೆಟ್ಟಿಗೆಗೆ 256 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. 4ಕೆ ಬ್ಲೂರೇಯಿಂದ ಬಂದ ಫೈಲ್ ಕೆಲವು ಕಡೆ ಸೆಕೆಂಡಿಗೆ 100 ಮೆಗಾಬಿಟ್ ದಾಟ್ತದೆ, ತುಂಬ ಟಿವಿಗಳ ಲ್ಯಾನ್ ಪೋರ್ಟೇ 100ರದ್ದು, ಹಾಗಾಗಿ ಟಿವಿಯಲ್ಲಿ ನೇರ ಹಾಕಿದ್ರೆ ಅಲ್ಲಲ್ಲಿ ನಿಲ್ತದೆ, ಈ ಪೆಟ್ಟಿಗೆಯ ಗಿಗಾಬಿಟ್ಟಿಗೆ ಅದು ಲೆಕ್ಕಕ್ಕಿಲ್ಲ. ಮತ್ತೆ ಒಂದೇ ಡಿಸ್ಕಲ್ಲಿ ಇದ್ದದ್ದನ್ನು ಇನ್ನೊಂದಕ್ಕೆ ಕಾಪಿ ಮಾಡಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ, ಆ ಮಿನಿ ಡಿವಿ ಕ್ಯಾಸೆಟ್ ಓಡಿಸುವ ಕ್ಯಾಮೆರ ಈಗ ರಿಪೇರಿಗೂ ಸಿಕ್ಕುದಿಲ್ಲ.

ಕಡೆಗೆ ರಿಮೋಟ್. ಟಿವಿ ರಿಮೋಟಲ್ಲೇ ಎಲ್ಲ ಆಗ್ಬೇಕಾದ್ರೆ ಎಚ್‌ಡಿಎಂಐ ಸಿಇಸಿ ಬೇಕು, ರಾಸ್‌ಬೆರ್ರಿ ಪೈಯಲ್ಲಿ ಅದು ಉಂಟು, ಸಾಧಾರಣ ಕಂಪ್ಯೂಟರ್ ಬೋರ್ಡಲ್ಲಿ ಇರುದಿಲ್ಲ, ಯುಎಸ್‌ಬಿಗೆ ಹಾಕುವ ರಿಮೋಟ್ ತಗೊಳ್ಬೇಕು. ಮಾಷ್ಟ್ರಿಗೆ ಹಾಗೆ ಒಂದು ಕೊಟ್ಟಿದ್ದೆ, ಎರಡು ದಿನ ಬಿಟ್ಟು ಫೋನ್. "ಬಟನ್ ಒತ್ತಿದ್ರೆ ಒಮ್ಮೆ ಆಗ್ತದೆ ಒಮ್ಮೆ ಇಲ್ಲ, ಇವಳು ಹಳೇ ಡಿವಿಡಿ ಪ್ಲೇಯರೇ ಸಾಕು ಅಂತಿದ್ದಾಳೆ." ಹೋಗಿ ನೋಡಿದ್ರೆ ರಿಮೋಟಿನ ಯುಎಸ್‌ಬಿ ತುಂಡು, ಡಾಂಗಲ್, ಹಿಂದಿನ ನೀಲಿ ಯುಎಸ್‌ಬಿ 3 ಪೋರ್ಟಲ್ಲಿ, ಪಕ್ಕದಲ್ಲೇ ಕಾಪಿ ಆಗ್ತಾ ಇರುವ ಹಾರ್ಡ್ ಡಿಸ್ಕ್. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸಲ್ಲೇ ಗಲಾಟೆ ಎಬ್ಬಿಸ್ತದೆ, ರಿಮೋಟ್ ಮಾತಾಡುದೂ ಅದರಲ್ಲೇ. ಒಂದು ಮೊಳ ಉದ್ದದ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ವಯರ್ ಹಾಕಿ ಡಾಂಗಲನ್ನು ಟಿವಿಯ ಕೆಳಗಿನ ಅಂಚಿಗೆ ತಂದು ಅಂಟಿಸಿದೆ. ಅವರ ಹೆಂಡತಿ ರಿಮೋಟ್ ತಗೊಂಡು ಕೂತಲ್ಲಿಂದಲೇ ಒತ್ತಿದ್ರು, ಚೆಂಡೆ ಸುರು ಆಯ್ತು, ವೇಷ ರಂಗಸ್ಥಳಕ್ಕೆ ಬಂದು ದಿಗಿಣ ಎತ್ತಿತು, ಮಾಷ್ಟ್ರು ಕನ್ನಡಕ ಸರಿ ಮಾಡ್ಕೊಂಡು ಟಿವಿ ಹತ್ರ ಹೋಗಿ ವೇಷದ ಕೈಯನ್ನೇ ನೋಡ್ತಾ ನಿಂತ್ರು.