ಬೋಳು ಮರಕ್ಕೆ ಏನೂ ಆಗಿಲ್ಲ

ನಮ್ಮ ಟಿಳಕವಾಡಿಯ ಒಂದು ಮಂಗಲ ಕಾರ್ಯಾಲಯದ ಗೇಟಿಗೆ ಎರಡು ದೇವಗಣಗಿಲೆ ಮರ ಇವೆ, ಎಡಕ್ಕೊಂದು, ಬಲಕ್ಕೊಂದು. ಬೆಳಗಾವಿಯಲ್ಲಿ ಮರಾಠಿ ಮಾತಾಡುವವರು ಇದಕ್ಕೆ ಚಾಫಾ ಅನ್ನುತ್ತಾರೆ. ಜನವರಿಯಲ್ಲಿ ಹೋಗಿ ನೋಡಿದರೆ ಬಲಗಡೆಯದು ಪೂರ್ತಿ ಬೋಳು. ಜಿಂಕೆ ಕೊಂಬನ್ನು ನೆಲದಲ್ಲಿ ನೆಟ್ಟ ಹಾಗೆ ಕಾಣುತ್ತದೆ. ಎಡಗಡೆಯದರ ತುಂಬ ಎಲೆ. ಮಾಲೀಕರು ಯಾರನ್ನೋ ಕರೆಸಿ ಕೇಳಿದರಂತೆ. ಬಂದವರು ದಿಕ್ಕು ನೋಡಿ, ಮೂಲೆ ನೋಡಿ, "ಮದುವಿ ಮನಿ ಬಾಗಲದಾಗ ಒಣಗಿದ ಮರ ಇರಬಾರದ್ರೀ, ತಗಸ್ರಿ" ಅಂದು ಹೋದರಂತೆ.

ನಾನು ಉಗುರಿನಿಂದ ಆ 'ಒಣಗಿದ' ಮರದ ಸಿಪ್ಪೆ ಸ್ವಲ್ಪ ಕೆರೆದೆ. ಒಳಗೆ ಹಸಿರು. ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟಿತು. ಮರ ಗಟ್ಟಿಮುಟ್ಟಾಗಿದೆ, ಚಳಿಗಾಲದಲ್ಲಿ ಎಲೆ ಉದುರಿಸುವುದು ಅದರ ರೂಢಿ. ದಾರಿ ತಪ್ಪಿರುವುದು ಎಡಗಡೆಯ ಹಸಿರು ಮರ! ಎರಡೂ ಒಂದೇ ಮರದ ಟೊಂಗೆ ಕಡಿದು, ಒಂದೇ ದಿನ ನೆಟ್ಟ ಗೂಟಗಳು ಎಂದು ಅಲ್ಲಿಯ ವಾಚ್‌ಮನ್ ಹೇಳಿದರು. ಅಂದರೆ ಅವು ಅವಳಿ ಜವಳಿ. ಮಣ್ಣು ಒಂದೇ, ನೀರು ಒಂದೇ, ಹಾಕುವ ಕೈಯೂ ಒಂದೇ. ವ್ಯತ್ಯಾಸ ಒಂದೇ ಒಂದು. ಕಟ್ಟಡದ ಗೋಡೆಗೆ ಬಣ್ಣ ಹೊಡೆಸಿದ ಮೇಲೆ, ಆ ಬಣ್ಣ ರಾತ್ರಿಯೂ ಕಾಣಲಿ ಅಂತ ಎಡಗಡೆ ಎರಡು ದೊಡ್ಡ ಎಲ್‌ಇಡಿ ಕೂರಿಸಿದ್ದಾರೆ. ಅವು ಸಂಜೆ ಹೊತ್ತಿದರೆ ಬೆಳಗಿನವರೆಗೂ ಆರುವುದಿಲ್ಲ. ಬಲಗಡೆಯ ಮರಕ್ಕೆ ಗೇಟಿನ ಕಂಬದ ನೆರಳು ಬೀಳುತ್ತದೆ.

ಇದನ್ನು ಹೇಳಿದರೆ ಜನ ಕೊಡುವ ಉತ್ತರ ಒಂದೇ: "ಬೆಳಕು ಜಾಸ್ತಿ ಸಿಕ್ಕರೆ ಮರಕ್ಕೆ ಒಳ್ಳೇದೇ ಅಲ್ವಾ? ರಾತ್ರಿನೂ ಊಟ ಮಾಡ್ತದೆ." ಇಲ್ಲ. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ). ಬೀದಿ ದೀಪದ ಕೆಳಗೆ 10, 20 ಲಕ್ಸ್ ಸಿಕ್ಕರೆ ಹೆಚ್ಚು. ಆ ಬೆಳಕಿನಲ್ಲಿ ಎಲೆ ಏನಾದರೂ ಅಡುಗೆ ಮಾಡಿದರೂ ಅದರ ಉಸಿರಾಟದ ಖರ್ಚಿಗೂ ಸಾಲದು. ಅರಳಿ ಮರ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದೂ ಇಂಥದ್ದೇ ಸುಳ್ಳು. ಬೆಳಕಿಲ್ಲದೆ ಯಾವ ಮರವೂ ಆಮ್ಲಜನಕ ಬಿಡುವುದಿಲ್ಲ, ಅದು ಎಷ್ಟೇ ಪೂಜೆ ಮಾಡಿಸಿಕೊಂಡ ಮರವಾದರೂ. ದೀಪದಿಂದ ಮರದ ಹೊಟ್ಟೆ ತುಂಬುವುದಿಲ್ಲ. ಆದರೆ ನಡುರಾತ್ರಿ ಬಾಗಿಲು ಬಡಿದರೆ ಹೊಟ್ಟೆ ತುಂಬುತ್ತದಾ? ನಿದ್ದೆ ಮಾತ್ರ ಕೆಡುತ್ತದೆ.

ಗಿಡಗಳು ಹಗಲು ರಾತ್ರಿಯ ಲೆಕ್ಕ ಇಡುತ್ತವೆ ಎಂಬ ಈ ಕಥೆ ಶುರುವಾಗಿದ್ದು ತಂಬಾಕಿನಿಂದ. ನಿಪ್ಪಾಣಿ ಕಡೆಯವರು ಸ್ವಲ್ಪ ಕಿವಿ ಕೊಡಬೇಕು. ಅಮೆರಿಕದಲ್ಲಿ ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕಿನ ತಳಿ ಇತ್ತು. ಬೇಸಿಗೆಯಲ್ಲಿ ಆಳು ಮೀರಿ ಬೆಳೆಯುತ್ತಿತ್ತು, ಎಲೆ ಮೇಲೆ ಎಲೆ. ಹೂವಿನ ಸುದ್ದಿ ಮಾತ್ರ ಇಲ್ಲ. ಹೂವಿಲ್ಲದೆ ಬೀಜ ಎಲ್ಲಿಂದ? ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿ, ಚಿಕ್ಕದಿರುವಾಗಲೇ ಹೂ ಬಿಡುತ್ತಿತ್ತು. ಸರ್ಕಾರದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಗೊಬ್ಬರ ಬದಲಿಸಿದರು, ನೀರು ಬದಲಿಸಿದರು, ಶಾಖ ಬದಲಿಸಿದರು. ಏನೂ ಆಗಲಿಲ್ಲ. ಕೊನೆಗೆ 1918ರ ಬೇಸಿಗೆಯಲ್ಲಿ ನಾಯಿಗೂಡಿನಂಥ ಒಂದು ಕತ್ತಲೆ ಗುಡಿಸಲು ಕಟ್ಟಿ, ತಂಬಾಕು ಮತ್ತು ಸೋಯಾ ಗಿಡಗಳನ್ನು ಸಂಜೆ 4ಕ್ಕೆ ಒಳಗೆ ಇಟ್ಟು ಬೆಳಿಗ್ಗೆ 9ಕ್ಕೆ ಹೊರಗೆ ತರತೊಡಗಿದರು. ಸುಡು ಬೇಸಿಗೆಯಲ್ಲೇ ಹೂ ಬಂತು. ಗಿಡ ಹಗಲಿನ ಉದ್ದವನ್ನು ಎಣಿಸುತ್ತದೆ ಎಂದು ಅವರು ತಿಳಿದರು. 1920ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಆ ಪ್ರಯೋಗ ನಡೆದ ಆರ್ಲಿಂಗ್ಟನ್ ಹೊಲದ ಆಸುಪಾಸಿನಲ್ಲಿ ಈಗ ಅಮೆರಿಕದ ಸೇನಾ ಕೇಂದ್ರ ಕಚೇರಿ ಪೆಂಟಗನ್ ಇದೆ. ಇರಲಿ.

ಸೋಯಾ ಅಂದೆನಲ್ಲ, ಅದು ನಮ್ಮ ಜಿಲ್ಲೆಯ ಬೆಳೆ. ಬೈಲಹೊಂಗಲ ರಸ್ತೆಯಲ್ಲಿ ನಮ್ಮ ಸಂಬಂಧಿಕರ ಹೊಲದ ಪಕ್ಕ ಒಂದು ಢಾಬಾ ಇದೆ. ಅದರ ಫ್ಲಡ್‌ಲೈಟ್ ನೇರ ಹೊಲಕ್ಕೆ ಬೀಳುತ್ತದೆ. ಕೊಯ್ಲಿನ ಹೊತ್ತಿಗೆ ಇಡೀ ಹೊಲ ಒಣಗಿ ಹಳದಿಯಾಗಿ ನಿಂತಿದ್ದರೆ, ದೀಪದ ಬುಡದಲ್ಲಿ ಬೀಸಣಿಗೆ ಆಕಾರದ ಒಂದು ತುಂಡು ಮಾತ್ರ ಹಸಿರಾಗಿಯೇ ಇರುತ್ತದೆ. ಕಾಯಿ ಸರಿಯಾಗಿ ಕಟ್ಟಿರುವುದಿಲ್ಲ. "ದೀಪದ ಬುಡಕಿಂದು ಹಣ್ಣಾಗಂಗಿಲ್ಲಪಾ, ದನಕ್ಕ ಹಾಕತೇವಿ" ಅಂತಾರೆ ಅವರು. ಗಾರ್ನರ್ ಹೆಸರು ಕೇಳದೆಯೇ ಅವರಿಗೆ ಗೊತ್ತಿರುವ ವಿಷಯ ಇದು. ಸೇವಂತಿಗೆ ಬೆಳೆಯುವವರು ಇದನ್ನೇ ಲಾಭಕ್ಕೆ ಬಳಸುತ್ತಾರೆ. ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ, ಹೂವನ್ನು ತಡೆದು ಹಿಡಿದು, ಹಬ್ಬದ ಲೆಕ್ಕಕ್ಕೆ ಬಿಡಿಸುತ್ತಾರೆ.

ಆಮೇಲೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಒಂದು ಕಳೆ ಗಿಡದ ಮೇಲೆ ಪ್ರಯೋಗ ಮಾಡಿದರು. ಹೊಲದಲ್ಲಿ ಓಡಾಡಿದರೆ ಪ್ಯಾಂಟಿಗೆ ಮುಳ್ಳುಕಾಯಿ ಅಂಟಿಸಿ ಕಳಿಸುತ್ತದಲ್ಲ, ಅದೇ ಕ್ಸ್ಯಾಂಥಿಯಂ. ಹಗಲಿನ ಮಧ್ಯ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡ ಕ್ಯಾರೇ ಅನ್ನಲಿಲ್ಲ. ರಾತ್ರಿಯ ಮಧ್ಯ ಕೆಲವೇ ನಿಮಿಷ ದೀಪ ಹಚ್ಚಿದರೆ ಹೂವೇ ಬರಲಿಲ್ಲ. ಅಂದರೆ ಎಲ್ಲರೂ ಇಷ್ಟು ದಿನ ಉಲ್ಟಾ ತಿಳಿದಿದ್ದರು. ಗಿಡ ಹಗಲನ್ನು ಎಣಿಸುವುದಿಲ್ಲ. ರಾತ್ರಿಯನ್ನು ಎಣಿಸುತ್ತದೆ. ಅದೂ ಮಧ್ಯ ಮುರಿಯದ ರಾತ್ರಿಯನ್ನು.

ಹೇಗೆ ಎಣಿಸುತ್ತದೆ? ನನಗೆ ಇಡೀ ಸಸ್ಯ ವಿಜ್ಞಾನದಲ್ಲೇ ಅತಿ ಪ್ರೀತಿಯ ವಿಷಯ ಇದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಎಲೆಯೊಳಗೆ ಫೈಟೋಕ್ರೋಮ್ ಎಂಬ ಪ್ರೋಟೀನ್ ಇದೆ. ಅದಕ್ಕೆ ಎರಡು ರೂಪ. 660 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಕೆಂಪು ಬೆಳಕು ಬಿದ್ದರೆ ಎಚ್ಚರದ ರೂಪ ತಾಳುತ್ತದೆ. 730ರ ಆಸುಪಾಸಿನ, ನಮ್ಮ ಕಣ್ಣಿಗೆ ಕಂಡೂ ಕಾಣದ ಕಡುಗೆಂಪು ಬಿದ್ದರೆ ಮತ್ತೆ ಮಲಗುವ ರೂಪಕ್ಕೆ ಬರುತ್ತದೆ. ಯಾವುದೂ ಬೀಳದೆ ಸುಮ್ನೆ ಕತ್ತಲಲ್ಲಿ ಬಿಟ್ಟರೆ, ಎಚ್ಚರದ ರೂಪ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ. 1952ರಲ್ಲಿ ಬೋರ್ತ್‌ವಿಕ್ ತಂಡ ಲೆಟ್ಯೂಸ್ ಬೀಜದ ಮೇಲೆ ಕೆಂಪು, ಕಡುಗೆಂಪು, ಕೆಂಪು, ಕಡುಗೆಂಪು ಅಂತ ಒಂದಾದ ಮೇಲೊಂದು ಬೆಳಕು ಬಿಟ್ಟು ನೋಡಿತು. ಎಷ್ಟು ಸಲ ಬದಲಿಸಿದರೂ ಕೊನೆಗೆ ಬಿದ್ದದ್ದು ಕೆಂಪಾದರೆ ಮೊಳಕೆ, ಕಡುಗೆಂಪಾದರೆ ಇಲ್ಲ. ಮೆಟ್ಟಿಲ ಮೇಲಿನ ಸ್ವಿಚ್ಚಿನ ಹಾಗೆ, ಕೊನೆಗೆ ಒತ್ತಿದವನ ಮಾತೇ ನಡೆಯುತ್ತದೆ.

ರಾತ್ರಿ ಲೆಕ್ಕ ಹೀಗೆ. ಹಳೇ ಮದುವೆಗಳಲ್ಲಿ ಗಳಿಗೆ ಬಟ್ಟಲು ಇಡುತ್ತಿದ್ದರು, ಕೇಳಿರಬಹುದು. ತಳಕ್ಕೆ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ 24 ನಿಮಿಷಕ್ಕೆ ತುಂಬಿ ಮುಳುಗುತ್ತದೆ, ಆಗ ಒಂದು ಗಳಿಗೆ. ಅರ್ಧ ತುಂಬಿದಾಗ ಯಾವನೋ ಹುಡುಗ ಅದನ್ನು ಎತ್ತಿ ನೀರು ಚೆಲ್ಲಿ ಮತ್ತೆ ಇಟ್ಟರೆ? ಬಟ್ಟಲಿನ ಲೆಕ್ಕ ಶುರುವಿನಿಂದ, ಮುಹೂರ್ತ ಹೋಯಿತು. ನಡುರಾತ್ರಿಯ ದೀಪ ಆ ಹುಡುಗ. ಇನ್ನೊಂದು ಹೇಳುತ್ತೇನೆ. ಹೆಪ್ಪು ಹಾಕಿದ ಹಾಲು. ಅಲುಗಾಡಿಸದೆ ಬಿಟ್ಟರೆ ಗಟ್ಟಿ ಮೊಸರು, ನಡುವೆ ನಾಲ್ಕು ಸಲ ಮುಚ್ಚಳ ತೆಗೆದು ಕದಡಿದರೆ ನೀರು ನೀರು. ಇದೂ ಸಾಲದಿದ್ದರೆ ಕಣದಲ್ಲಿ ಜೋಳ ಅಳೆಯುವ ನಮ್ಮ ಅಜ್ಜನನ್ನು ನೆನೆಸಿಕೊಳ್ಳಿ. "ಲಾಭ, ಎರಡು, ಮೂರು..." ಅಂತ ಹನ್ನೊಂದಕ್ಕೆ ಬಂದಿರುತ್ತಾನೆ, ಯಾರೋ ಬಂದು "ಚಹಾ ಆತೇನ್ರೀ" ಅನ್ನುತ್ತಾರೆ, ಅಜ್ಜ ಬೈದುಕೊಂಡು ಮತ್ತೆ "ಲಾಭ"ದಿಂದ ಶುರು.

ಪೂರ್ತಿ ಸತ್ಯ ಇಷ್ಟು ಸರಳ ಅಲ್ಲ. ಗಿಡದೊಳಗೆ ಒಂದು ಗಡಿಯಾರವೂ ಇದೆ, ಫೈಟೋಕ್ರೋಮ್ ಅದರ ಮುಳ್ಳನ್ನು ದಿನಾ ಸರಿ ಮಾಡುತ್ತದೆ. ಗಡಿಯಾರದ ಸುಳಿವು 1729ರಷ್ಟು ಹಿಂದೆಯೇ ಸಿಕ್ಕಿತ್ತು. ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ, ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲಲ್ಲಿ ಇಟ್ಟರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿ, ರಾತ್ರಿಯ ಹೊತ್ತಿಗೆ ಮಡಚುತ್ತಿತ್ತು. ಎಲೆ ಮಡಚುವುದನ್ನು ಅದಕ್ಕೂ ಮೊದಲು ಬರೆದವನು ಅಲೆಗ್ಸಾಂಡರನ ಜೊತೆಗಿದ್ದ ಆಂಡ್ರೊಸ್ಥೆನೀಸ್. ಅವನು ಕಂಡದ್ದು ಹುಣಸೆ ಮರ ಎನ್ನುತ್ತಾರೆ. ರಾತ್ರಿ ದೆವ್ವ ಇರುತ್ತದೆ ಅಂತ ನಾವು ಹತ್ತಿರ ಹೋಗದ ಹುಣಸೆ ಮರವನ್ನು ಅವನು ರಾತ್ರಿ ನಿಂತು ನೋಡಿದ. ನಮ್ಮೂರ ದಂಡು ಪ್ರದೇಶವಾದ ಕ್ಯಾಂಪಿನ ರಸ್ತೆಗಳಲ್ಲಿ ಮಳೆಮರ ನೋಡಿ, ಸಂಜೆ ಅದೂ ಹಾಗೇ ಮಡಚಿಕೊಳ್ಳುತ್ತದೆ.

ಊರಿನ ಮರಗಳಿಗೆ ಬರೋಣ. ನ್ಯೂಯಾರ್ಕಿನಲ್ಲಿ ಮಾಟ್ಜ್‌ಕೆ ಎಂಬುವರು 1936ರಲ್ಲೇ ಬೀದಿ ದೀಪದ ಪಕ್ಕದ ಟೊಂಗೆಗಳು ಎಲೆ ಉದುರಿಸುವುದು ತಡ ಎಂದು ಬರೆದಿದ್ದರು. ಬ್ರಿಟನ್ನಿನಲ್ಲಿ 2016ರ ಲೆಕ್ಕದ ಪ್ರಕಾರ ಬೆಳಕು ಹೆಚ್ಚಿರುವ ಕಡೆ ಮರಗಳು 7.5 ದಿನದವರೆಗೂ ಮೊದಲೇ ಚಿಗುರುತ್ತವೆ. ಅಮೆರಿಕದ ನಗರಗಳಲ್ಲಿ, 2022ರ ಅಧ್ಯಯನದಲ್ಲಿ, ಸುಮಾರು 9 ದಿನ ಮೊದಲು ಚಿಗುರು, 6 ದಿನ ತಡವಾಗಿ ಎಲೆ ಬಣ್ಣ ತಿರುಗುವುದು. ಬೀಜಿಂಗಿನದು ನನಗೆ ಇನ್ನೂ ವಿಚಿತ್ರ ಅನ್ನಿಸಿತು. ರಾತ್ರಿಯಿಡೀ ದೀಪ ಉರಿಯುವ ರಸ್ತೆಗಳ ಎರಡು ಜಾತಿ ಮರಗಳಿಂದ ಸುಮಾರು 5,500 ಎಲೆ ಕಿತ್ತು ನೋಡಿದರು, 2024ರಲ್ಲಿ ಪ್ರಕಟಿಸಿದರು. ಬೆಳಕು ಹೆಚ್ಚಾದಷ್ಟೂ ಎಲೆ ಗಟ್ಟಿ, ಹುಳ ತಿಂದ ತೂತು ಕಮ್ಮಿ. ತೂತಿಲ್ಲದ ಎಲೆ ನೋಡಿ ಖುಷಿಪಡಬೇಡಿ, ಹುಳಕ್ಕೆ ಊಟ ಇಲ್ಲ ಅಂದರೆ ಹಕ್ಕಿಗೂ ಇಲ್ಲ.

"ಅವೆಲ್ಲ ಹಿಮ ಬೀಳೋ ದೇಶದ ಕಥೆ" ಅನ್ನಬಹುದು. ಅರ್ಧ ಸರಿ. ನಮ್ಮ ಬೇವು ಎಲೆ ಉದುರಿಸಿ ಯುಗಾದಿಗೆ ಚಿಗುರುವುದರಲ್ಲಿ ಮಣ್ಣಿನ ತೇವ, ಬಿಸಿಲು ಎಲ್ಲದರ ಪಾಲಿದೆ. ಆದರೆ ಇನ್ನರ್ಧ ನೋಡಿ. ಬೀಜಿಂಗಿನಲ್ಲಿ ಅತಿ ದೊಡ್ಡ ಹಗಲು 15 ಗಂಟೆ, ಅತಿ ಚಿಕ್ಕದು 9 ಗಂಟೆ ಚಿಲ್ಲರೆ. ಬೆಳಗಾವಿಯಲ್ಲಿ ಜೂನಿನಲ್ಲಿ ಸುಮಾರು 13 ಗಂಟೆ, ಡಿಸೆಂಬರಿನಲ್ಲಿ 11 ಗಂಟೆ 10 ನಿಮಿಷದ ಆಸುಪಾಸು. ವರ್ಷವಿಡೀ ಸೇರಿ ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಇಲ್ಲಿಯ ಮರ ರಾತ್ರಿ ಅಳೆದು ಚಳಿಗಾಲ ಬಂತು ಅಂತ ತಿಳಿಯಬೇಕಾದರೆ ಅಕ್ಕಸಾಲಿಗನ ತಕ್ಕಡಿ ಬೇಕು. ನಾವು ಆ ತಕ್ಕಡಿ ಪಕ್ಕದಲ್ಲೇ ಫ್ಯಾನ್ ಹಚ್ಚಿಟ್ಟ ಹಾಗೆ ದೀಪ ಹಚ್ಚಿಟ್ಟಿದ್ದೇವೆ.

ದೇವಗಣಗಿಲೆಯ ಬಗ್ಗೆಯೇ ಕೆಲಸ ಮಾಡಿದವರು ಮುರಾಶಿಗೆ, ಹವಾಯಿಯಲ್ಲಿ ಹುಟ್ಟಿದವರು, ಪ್ರಕಟವಾಗಿದ್ದು 1966ರಲ್ಲಿ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಅದು ಎಲೆ ಉದುರಿಸುತ್ತದೆ, ರಾತ್ರಿ ಬೆಳಕು ಕೊಟ್ಟರೆ ಉದುರಿಸುವುದಿಲ್ಲ. ಟಿಶ್ಯೂ ಕಲ್ಚರ್ ಬಾಳೆ ಸಸಿ ತಂದು ನೆಟ್ಟವರು ಈ ಹೆಸರನ್ನು ಕೇಳಿರಬಹುದು. ಲ್ಯಾಬಿನಲ್ಲಿ ಸಸಿ ಬೆಳೆಸುವ ಎಂಎಸ್ ಮಾಧ್ಯಮದ ಮೊದಲ ಎಂ ಇವರೇ.

ಇಷ್ಟನ್ನೂ ಮಾಲೀಕರಿಗೆ ಹೇಳಿದೆ. ಅವರು ನಕ್ಕು, ಮರ ಕಡಿಸುವುದನ್ನು ಮದುವೆ ಸೀಸನ್ ಮುಗಿಯುವವರೆಗೆ ಮುಂದೂಡಿದರು. ದೀಪ ರಾತ್ರಿ 11ಕ್ಕೆ ಆರಿಸಿ ಅಂದರೆ ಮಾತ್ರ ಒಪ್ಪಲಿಲ್ಲ. ಒಪ್ಪಿದ್ದು ವಾಚ್‌ಮನ್. ಮರದ ಕಾಳಜಿಯಿಂದ ಅಲ್ಲ, ದೀಪಕ್ಕೆ ಬರುವ ಹುಳ ಎಲ್ಲ ಅವರ ಚಹಾದಲ್ಲಿ ಬೀಳುತ್ತಿದ್ದವು. ಮರದ ಕಡೆ ಮುಖ ಮಾಡಿದ್ದ ದೀಪವನ್ನು ಗೋಡೆಯ ಕಡೆಗೆ ತಿರುಗಿಸಿ, ದೀಪಕ್ಕೂ ಮರಕ್ಕೂ ನಡುವೆ ಒಂದು ಗೋಣಿಚೀಲವನ್ನು ತಂತಿಗೆ ಕಟ್ಟಿ ಇಳಿಬಿಟ್ಟಿದ್ದಾರೆ. ಗಾರ್ನರ್ ಕಟ್ಟಿದ ಕತ್ತಲೆ ಗುಡಿಸಲಿನ ಟಿಳಕವಾಡಿ ಆವೃತ್ತಿ. ಕಟ್ಟಿ ಮೂರು ವಾರ ಆಯಿತು. ನಿನ್ನೆ ಹೋದಾಗ ಎಡಗಡೆಯ ಮರದ ಕೆಳಗಿನ ಟೊಂಗೆಯಲ್ಲಿ ನಾಲ್ಕು ಎಲೆ ಹಳದಿ ತಿರುಗಿದ್ದವು.