ಬ್ಯಾಬಿಲೋನಿಯಾದ 60ರ ಲೆಕ್ಕ ನನ್ನ ತಲೆಗೆ ಹತ್ತಿದ್ದು ಹೀಗೆ

ಈ ಲೆಕ್ಕ ಹುಟ್ಟಿದ್ದು ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಾಡಿನಲ್ಲಿ, ಹೆಚ್ಚೂಕಡಿಮೆ ಇವತ್ತಿನ ಇರಾಕ್. ಅಲ್ಲಿದ್ದವರು ಮೊದಲು ಸುಮೇರಿಯನ್ನರು, ಆಮೇಲೆ ಬ್ಯಾಬಿಲೋನಿಯನ್ನರು. ಅವರು ಚಕ್ರ, ನೇಗಿಲು ಬಳಸುತ್ತಿದ್ದದ್ದು ಎಲ್ಲರಿಗೂ ಗೊತ್ತು, ಬಿಡಿ. ಹೊಲಕ್ಕೆ ನೀರು ತರುವ ಕಾಲುವೆಯನ್ನೂ ತೋಡಿದ್ದರು. ಅದು ಯಾಕೆ ಬೇಕಾಯಿತು ಅಂದರೆ, ಅಲ್ಲಿ ನೆರೆ ಬರುವುದು ವಸಂತದಲ್ಲಿ, ಬಾರ್ಲಿ ಕಟಾವಿಗೆ ಬಂದ ಹೊತ್ತಿಗೆ. ಬಿತ್ತುವಾಗ ನದಿ ಇಳಿದಿರುತ್ತದೆ.

ಬರವಣಿಗೆ ಹುಟ್ಟಿದ್ದು ಸುಮಾರು ಕ್ರಿ.ಪೂ. 3300ರ ಹೊತ್ತಿಗೆ, ಉರುಕ್ ನಗರದಲ್ಲಿ. ಕಾವ್ಯಕ್ಕಲ್ಲ, ಬಾರ್ಲಿ ಎಷ್ಟು, ಕುರಿ ಎಷ್ಟು ಅನ್ನುವ ಲೆಕ್ಕಕ್ಕೆ! ಮೊದಲು ಚಿತ್ರಗಳಿದ್ದವು. ಆಮೇಲೆ ಹಸಿ ಜೇಡಿಮಣ್ಣಿನ ಮೇಲೆ ಜೊಂಡಿನ ಕಡ್ಡಿ ಒತ್ತಿ ಬೆಣೆಯಂಥ ಗುರುತು.

ನಾನು ಎರಡು ದಿನ ಒದ್ದಾಡಿದ್ದು ಅಂಕಿಗಳಲ್ಲಿ. ನಿಂತ ಬೆಣೆ ಅಂದರೆ 1, ಮೂಲೆಯಂಥ ಗುರುತು 10. 59ರವರೆಗೆ ಇವೆರಡೇ ಸಾಕು. 60 ಬಂದಾಗ? ಮತ್ತೆ ಅದೇ ಒಂದು ಬೆಣೆ! ಯಾಕಂದರೆ ನಮಗೆ ಬಿಡಿ, ಹತ್ತು, ನೂರು ಇದ್ದ ಹಾಗೆ ಕ್ರಿ.ಪೂ. 2000ರ ಸುಮಾರಿನ ಅವರ ಲೆಕ್ಕದಲ್ಲಿ ಬಿಡಿ, 60, 3600.

ಇಲ್ಲಿ ನನ್ನ ಉಪಾಯ: ಗಡಿಯಾರ ನೆನೆಸಿಕೊಳ್ಳಿ. 4000 ಬರೀಬೇಕಾ? ಅದನ್ನು ಸೆಕೆಂಡು ಅಂದುಕೊಳ್ಳಿ. 3600 ತೆಗೆದರೆ 1 ಗಂಟೆ, ಉಳಿದ 400ರಲ್ಲಿ 6 ನಿಮಿಷ, ಇನ್ನು ಉಳಿದದ್ದು 40. ಉತ್ತರ 1, 6, 40. ಅಷ್ಟೇ. ಗಡಿಯಾರಕ್ಕೆ 60 ಬಂದಿದ್ದೇ ಅವರಿಂದ ಅಲ್ವಾ.

ಆದರೆ 1, 15 ಅಂದರೆ ಎಷ್ಟು ಅಂತ ಕೇಳಿದ್ದಕ್ಕೆ ನಾನು 75 ಬರೆದರೆ, ನಾನು ಓದುತ್ತಿದ್ದ ಪುಸ್ತಕದ ಉತ್ತರ 1¼. ಅಚ್ಚಿನ ತಪ್ಪು ಅಂದುಕೊಂಡೆ. ನೋಡಿದರೆ ಎರಡೂ ಸರಿ! ಒಂದು ಗಂಟೆ ಹದಿನೈದು ನಿಮಿಷ ಅಂದರೆ ನಿಮಿಷದಲ್ಲಿ 75, ಗಂಟೆಯಲ್ಲಿ ಒಂದೂಕಾಲು. ದಶಮಾಂಶ ಬಿಂದುವಿನಂಥ ಗುರುತು ಅವರಿಗೆ ಇರಲೇ ಇಲ್ಲ, ಸಂದರ್ಭ ನೋಡಿಕೊಂಡು ಓದುತ್ತಿದ್ದರು. 'ಸೈಟು ನಲವತ್ತಕ್ಕೆ ಹೋಯ್ತು' ಅಂದರೆ ನಾವು ಯಾರೂ ನಲವತ್ತು ರೂಪಾಯಿ ಅಂದುಕೊಳ್ಳುವುದಿಲ್ಲವಲ್ಲ, ಹಾಗೆ.

ಸೊನ್ನೆಯೂ ಇರಲಿಲ್ಲ. 3601 ಬರೆಯಲು ಎರಡು ಬೆಣೆ, ನಡುವೆ ಖಾಲಿ ಜಾಗ. ಜಾಗ ಚಿಕ್ಕದಾದರೆ 61 ಅಂತಲೋ 2 ಅಂತಲೋ ಓದಿಬಿಡಬಹುದು. ಕ್ರಿ.ಪೂ. 300ರ ಸುಮಾರಿಗೆ ಖಾಲಿ ಜಾಗಕ್ಕೆ ಒಂದು ಗುರುತು ರೂಢಿಗೆ ಬಂತು, ಅದೂ ನಡುವೆ ಮಾತ್ರ, ಕೊನೆಯಲ್ಲಿ ಇಲ್ಲ.

ಅಭ್ಯಾಸಕ್ಕೆ ಅವರ ಒಂದು ನಿಜವಾದ ಜೇಡಿಮಣ್ಣಿನ ಹಲಗೆ: ಅದರ ಸಂಗ್ರಹ ಸಂಖ್ಯೆ ವೈಬಿಸಿ 7289, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ಒಂದು ಚೌಕ, ಕರ್ಣದ ಮೇಲೆ 1, 24, 51, 10. ಇದನ್ನು 1 + 24/60 + 51/3600 + 10/216000 ಅಂತ ಕೂಡಿದರೆ 1.41421... ಅಂದರೆ 2ರ ವರ್ಗಮೂಲ! ಚೌಕದ ಬದಿಯನ್ನು ಇದರಿಂದ ಗುಣಿಸಿದರೆ ಕರ್ಣ ಸಿಗುತ್ತದೆ. ಬದಿಯ ಮೇಲೆ 30 ಅಂತಿದೆ. ಅದನ್ನು ಮೂವತ್ತು ಅಂತ ಓದಿ ಕರ್ಣ ಕಂಡುಹಿಡಿಯಿರಿ, ಆಮೇಲೆ ಅರ್ಧ ಅಂತ ಓದಿ ಇನ್ನೊಮ್ಮೆ ಮಾಡಿ. ಎರಡು ಸಲವೂ ಬರುವ ಅಂಕಿಗಳು ಒಂದೇ: 42, 25, 35.